ಆಟದ ಬಯಲಿನಲ್ಲಿ ಕೊನೆಗೆ ಉಳಿಯುವ ಮಗು

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತು. ಆಟದ ಅವಧಿಯ ಗಂಟೆ ಬಾರಿಸಿದೆ. ಎಂಟನೆಯ ತರಗತಿಯ ಮಕ್ಕಳು ಬಯಲಿಗೆ ಓಡಿಬಂದು ಸಾಲಾಗಿ ನಿಂತಿದ್ದಾರೆ. ಶಿಕ್ಷಕರು ಇಬ್ಬರು ಗಟ್ಟಿಮುಟ್ಟಾದ ಹುಡುಗರನ್ನು ಮುಂದಕ್ಕೆ ಕರೆದು, ‘ನೀವಿಬ್ಬರೂ ನಾಯಕರು, ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳಿ’ ಎನ್ನುತ್ತಾರೆ. ಮೊದಲು ವೇಗವಾಗಿ ಓಡುವವನ ಹೆಸರು, ಆಮೇಲೆ ಎತ್ತರದವನ ಹೆಸರು, ಆಮೇಲೆ ನಾಯಕನ ಗೆಳೆಯರ ಹೆಸರುಗಳು ಕೇಳಿಬರುತ್ತವೆ. ಸಾಲು ಕರಗುತ್ತಾ ಹೋಗಿ ಕೊನೆಗೆ ಒಂದೆರಡು ಮಕ್ಕಳು ಮಾತ್ರ ಉಳಿಯುತ್ತಾರೆ. ಅವರು ಕಾಲ್ಬೆರಳಿನಿಂದ ಮಣ್ಣು ಕೆದಕುತ್ತಾ ನೆಲವನ್ನೇ ನೋಡುತ್ತಿರುತ್ತಾರೆ.

ಈ ದೃಶ್ಯವನ್ನು ಕಾಣದ ಶಾಲೆ ವಿರಳ. ಐದು ನಿಮಿಷದಲ್ಲಿ ಮುಗಿಯುವ ಇದನ್ನು ಹಿರಿಯರಾದ ನಾವು ಗಮನಿಸುವುದೂ ಇಲ್ಲ. ಆದರೆ ವಾರ ವಾರವೂ ಕೊನೆಗೆ ಉಳಿಯುವ ಮಗುವಿನ ದೇಹ, ಮನಸ್ಸು ಮತ್ತು ಗೆಳೆತನಗಳ ಮೇಲೆ ಈ ಐದು ನಿಮಿಷಗಳು ಬೀರುವ ಪರಿಣಾಮ ಚಿಕ್ಕದಲ್ಲ. ಆದಕಾರಣ ಈ ತಿಂಗಳ ಆರೋಗ್ಯ ಚಿಂತನದಲ್ಲಿ ಆಟದ ಬಯಲಿನ ಒಡನಾಟವನ್ನೇ ವಿಷಯವಾಗಿ ಎತ್ತಿಕೊಂಡಿದ್ದೇವೆ.

ಆಟವೆಂಬ ಔಷಧ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತಹ ಚಟುವಟಿಕೆಯಲ್ಲಿ ತೊಡಗಿರಬೇಕು. ವಾರದಲ್ಲಿ ಕನಿಷ್ಠ 3 ದಿನ ಸ್ನಾಯುಗಳನ್ನೂ ಎಲುಬುಗಳನ್ನೂ ಬಲಪಡಿಸುವ ಓಟ, ನೆಗೆತ, ಎಳೆದಾಟಗಳು ಅದರಲ್ಲಿ ಸೇರಿರಬೇಕು. ವಾಸ್ತವ ಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿದೆ. 146 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಆಧರಿಸಿ ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಶಾಲೆಗೆ ಹೋಗುವ 11ರಿಂದ 17 ವರ್ಷದವರಲ್ಲಿ ಶೇಕಡಾ 81ರಷ್ಟು ಮಂದಿಗೆ ಸಾಕಷ್ಟು ವ್ಯಾಯಾಮ ದೊರೆಯುತ್ತಿಲ್ಲ. ಹುಡುಗಿಯರಲ್ಲಿ ಈ ಪ್ರಮಾಣ ಶೇಕಡಾ 85.

ಮಕ್ಕಳು ಆಟದಿಂದ ದೂರವಾಗಲು ಮೊಬೈಲ್, ಟ್ಯೂಷನ್, ಬಯಲುಗಳ ಕೊರತೆ ಮುಂತಾದ ಕಾರಣಗಳನ್ನು ನಾವು ಹೇಳುತ್ತೇವೆ. ಅವೆಲ್ಲ ನಿಜವೇ. ಆದರೆ ಬಯಲಿಗೆ ಬಂದ ಮಗುವೂ ಆಟದಿಂದ ಹಿಂದೆ ಸರಿಯುವುದುಂಟು. ‘ನನಗೆ ಆಟ ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಅದು ಬಂದಿರುತ್ತದೆ. ಈ ತೀರ್ಮಾನವನ್ನು ಮಗು ತಾನಾಗಿಯೇ ಕಂಡುಕೊಂಡದ್ದಲ್ಲ. ಸಾಲಿನಲ್ಲಿ ನಿಂತಾಗ ಓರಗೆಯವರೇ ಅದನ್ನು ವಾರಕ್ಕೊಮ್ಮೆ ಮಗುವಿಗೆ ತಿಳಿಸಿದ್ದಾರೆ.

ಹೊರಗುಳಿದ ನೋವು

ಅಮೆರಿಕದ ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಒಮ್ಮೆ ಉದ್ಯಾನವೊಂದರಲ್ಲಿ ಕುಳಿತಿದ್ದಾಗ, ಇಬ್ಬರು ಅಪರಿಚಿತರು ಎಸೆದಾಡುತ್ತಿದ್ದ ಪ್ಲಾಸ್ಟಿಕ್ ತಟ್ಟೆ ಅವರ ಬಳಿ ಬಂದು ಬಿದ್ದಿತು. ಅವರು ಅದನ್ನು ಮರಳಿ ಎಸೆದರು. ಆ ಇಬ್ಬರು ಮತ್ತೆ ಇವರ ಕಡೆಗೇ ಎಸೆದರು. ಹೀಗೆ ಕೆಲ ಹೊತ್ತು ಮೂವರ ಆಟ ನಡೆಯಿತು. ಬಳಿಕ ಅವರಿಬ್ಬರು ಇವರ ಕಡೆ ಎಸೆಯುವುದನ್ನು ನಿಲ್ಲಿಸಿ ತಮ್ಮಷ್ಟಕ್ಕೆ ಆಡತೊಡಗಿದರು. ಪರಿಚಯವೇ ಇಲ್ಲದವರ ಆಟದಿಂದ ಹೊರಗುಳಿದದ್ದಕ್ಕೆ ತಮಗೆ ಅಷ್ಟೊಂದು ನೋವಾದುದನ್ನು ಕಂಡು ಅವರಿಗೇ ಆಶ್ಚರ್ಯವಾಯಿತು. ಈ ಅನುಭವವನ್ನೇ ಅವರು ಮುಂದೆ ಪ್ರಯೋಗವನ್ನಾಗಿ ರೂಪಿಸಿದರು. ಕಂಪ್ಯೂಟರ್ ತೆರೆಯ ಮೇಲೆ ಮೂವರು ಚೆಂಡು ಎಸೆದಾಡುವ ಸರಳ ಆಟವದು. ಸ್ವಲ್ಪ ಹೊತ್ತಿನ ನಂತರ ಉಳಿದಿಬ್ಬರು ಒಬ್ಬನಿಗೆ ಚೆಂಡು ಕೊಡುವುದನ್ನು ನಿಲ್ಲಿಸುತ್ತಾರೆ.

2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಈ ಆಟವನ್ನು ಮೆದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿದ್ದವರಿಂದ ಆಡಿಸಿದರು. ಚೆಂಡು ತಮ್ಮ ಕಡೆ ಬಾರದೆ ಹೋದಾಗ, ದೈಹಿಕ ನೋವಿನ ಸಂಕಟದೊಂದಿಗೆ ಸಂಬಂಧವುಳ್ಳ ಮೆದುಳಿನ ಭಾಗವೊಂದು ಅವರಲ್ಲಿ ಚುರುಕಾದುದು ಕಂಡುಬಂದಿತು. ಎದುರು ಆಡುತ್ತಿರುವುದು ಮನುಷ್ಯರಲ್ಲ, ಬರಿಯ ಯಂತ್ರ ಎಂದು ಮೊದಲೇ ತಿಳಿಸಿದ್ದರೂ ಹೊರಗುಳಿದವರಿಗೆ ಬೇಸರವಾಗುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಬೆಳೆದವರಿಗೆ, ಅದೂ ಅಪರಿಚಿತರಿಂದ, ಕೆಲವು ನಿಮಿಷಗಳಲ್ಲಿ ಇಷ್ಟು ನೋವಾಗುವುದಾದರೆ, ದಿನವೂ ಒಂದೇ ಬೆಂಚಿನಲ್ಲಿ ಕೂರುವ ಗೆಳೆಯರೇ ವರ್ಷಗಟ್ಟಲೆ ಕೈಬಿಟ್ಟರೆ ಹನ್ನೆರಡರ ಹುಡುಗನಿಗೆ, ಹದಿಮೂರರ ಹುಡುಗಿಗೆ ಏನಾಗಬಹುದೆಂಬುದನ್ನು ನಾವು ಊಹಿಸಬಲ್ಲೆವು.

ಶುಕ್ರವಾರದ ಹೊಟ್ಟೆನೋವು

ಈ ಲೇಖಕನು ಅನೇಕ ವರ್ಷ ದೈಹಿಕ ಶಿಕ್ಷಕನಾಗಿ ದುಡಿದವನು. ನಾಯಕರಿಂದ ತಂಡ ಆರಿಸುವ ಪದ್ಧತಿಯನ್ನೇ ಬಹುಕಾಲ ಅನುಸರಿಸಿದವನು. ಅದರಲ್ಲಿ ತಪ್ಪಿದೆಯೆಂದು ತಿಳಿಸಿಕೊಟ್ಟದ್ದು ಯಾವ ಗ್ರಂಥವೂ ಅಲ್ಲ, ಒಬ್ಬ ತಾಯಿ. ಆಕೆ ಒಂದು ದಿನ ಶಾಲೆಗೆ ಬಂದು, ‘ಸರ, ಇವಗ ಶುಕ್ರವಾರಕ್ಕೊಮ್ಮೆ ಹೊಟ್ಟಿ ನೋವು ಬರತೈತ್ರಿ. ಉಳಿದ ದಿನ ಏನೂ ಇರಂಗಿಲ್ಲ. ಶುಕ್ರವಾರ ಸಾಲ್ಯಾಗ ಏನ್ ಇರತೈತ್ರಿ?’ ಎಂದು ಕೇಳಿದರು. ಏನಿರುತ್ತದೆಂದು ನನಗೆ ಆ ಕ್ಷಣ ಹೊಳೆಯಲಿಲ್ಲ. ವೇಳಾಪಟ್ಟಿಯನ್ನು ನೋಡಿದಾಗ ಶುಕ್ರವಾರದ ಕೊನೆಯ ಎರಡು ಅವಧಿ ನನ್ನವೇ ಆಗಿದ್ದವು.

ಮುಂದಿನ ಶುಕ್ರವಾರ ನಾನು ಆ ಹುಡುಗನನ್ನೇ ನೋಡುತ್ತಾ ನಿಂತೆ. ಕೊನೆಗೆ ಅವನೊಬ್ಬನೇ ಉಳಿದ. ಒಬ್ಬ ನಾಯಕ ಇನ್ನೊಬ್ಬನಿಗೆ, ‘ಇವನನ್ನು ನೀನೇ ಇಟ್ಕೋ, ಬೇಕಾದರ ಒಂದು ಪಾಯಿಂಟ್ ಕೊಡ್ತೀನಿ’ ಎಂದ. ಎಲ್ಲರೂ ನಕ್ಕರು. ಆ ಹುಡುಗನೂ ನಕ್ಕ. ಅಂತಹ ಮಾತನ್ನು ನಾನು ಅದಕ್ಕೆ ಮೊದಲು ಎಷ್ಟು ಸಲ ಕೇಳಿದ್ದೆನೋ, ಎಷ್ಟು ಸಲ ಅವರೊಂದಿಗೆ ನಾನೂ ನಕ್ಕಿದ್ದೆನೋ ಲೆಕ್ಕವಿಲ್ಲ. ಮರುವಾರದಿಂದ ತಂಡಗಳ ಪಟ್ಟಿಯನ್ನು ನಾನೇ ಬರೆದುಕೊಂಡು ಬಯಲಿಗೆ ಹೋಗತೊಡಗಿದೆ. ಆ ಹುಡುಗ ದೊಡ್ಡ ಆಟಗಾರನೇನೂ ಆಗಲಿಲ್ಲ. ಆದರೆ ಶುಕ್ರವಾರದ ಅವನ ಹಾಜರಿ ತಪ್ಪಲಿಲ್ಲ. ಅವನಿಗಿಂತ ಮೊದಲು ಅದೇ ಸಾಲಿನಲ್ಲಿ ಕೊನೆಗೆ ನಿಂತಿದ್ದ ಮಕ್ಕಳ ಹೆಸರುಗಳು ಇಂದು ನನಗೆ ನೆನಪಾಗುವುದಿಲ್ಲ. ಆ ದಿನಗಳು ಅವರಿಗೆ ನೆನಪಿರಬಹುದು.

ಇಲ್ಲೊಂದು ಎಚ್ಚರಿಕೆಯ ಮಾತು. ಮನಸ್ಸಿನ ಅಂಜಿಕೆಯಿಂದ ಬರುವ ಹೊಟ್ಟೆನೋವು ಸುಳ್ಳು ನೋವಲ್ಲ. ಮಗುವಿಗೆ ಅದು ನಿಜವಾಗಿಯೇ ಆಗುತ್ತಿರುತ್ತದೆ. ‘ನಾಟಕ ಮಾಡಬೇಡ’ ಎಂದು ಗದರಿಸುವುದು ಸಲ್ಲದು. ಹಾಗೆಯೇ ಎಲ್ಲ ಹೊಟ್ಟೆನೋವನ್ನೂ ಅಂಜಿಕೆಯೆಂದು ತಳ್ಳಿಹಾಕಲೂಬಾರದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮೇಲಿಂದ ಮೇಲೆ ವಾಂತಿ, ಜ್ವರ, ಮಲದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮಕ್ಕಳು ಯಾರನ್ನು ಆರಿಸುತ್ತಾರೆ?

ಆರಿಸುವ ಮಗುವನ್ನು ಕೆಟ್ಟದೆಂದು ದೂಷಿಸುವುದು ಸರಿಯಲ್ಲ. ಗೆಲ್ಲಬೇಕೆಂಬುದು ಸಹಜವಾದ ಆಸೆ. ಗೆಳೆಯ ಜೊತೆಯಲ್ಲಿರಲಿ ಎಂಬುದೂ ಸಹಜವೇ. ಆದರೆ ಆಯ್ಕೆಯ ಹಿಂದಿರುವ ಅಳತೆಗೋಲುಗಳನ್ನು ನಾವು ಪರೀಕ್ಷಿಸಬೇಕು.

ಮೊದಲನೆಯದು ದೇಹದ ಬೆಳವಣಿಗೆ. ನಮ್ಮಲ್ಲಿ ಶಾಲಾ ಪ್ರವೇಶದ ವಯಸ್ಸನ್ನು ಜೂನ್ 1ಕ್ಕೆ ಲೆಕ್ಕ ಹಾಕುತ್ತಾರೆ. ಆದುದರಿಂದ ಒಂದೇ ತರಗತಿಯಲ್ಲಿ ಜೂನ್‌ನಲ್ಲಿ ಹುಟ್ಟಿದವನಿಗೂ ಮರುವರ್ಷದ ಮೇ ತಿಂಗಳಲ್ಲಿ ಹುಟ್ಟಿದವನಿಗೂ ಸುಮಾರು ಒಂದು ವರ್ಷದ ಅಂತರವಿರುತ್ತದೆ. ಅದರ ಮೇಲೆ, ಪ್ರೌಢಾವಸ್ಥೆ ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ ಬರುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಅದರ ಆರಂಭ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಆಟಗಾರರೇ ಹೆಚ್ಚಾಗಿರುವುದನ್ನು ಅಲ್ಲಿನ ಸಂಶೋಧಕರು 1985ರಲ್ಲಿ ಗುರುತಿಸಿದರು. ಅಲ್ಲಿ ವಯೋಮಾನದ ಲೆಕ್ಕ ಜನವರಿಯಿಂದ ಆರಂಭವಾಗುತ್ತಿತ್ತು. ಕೆಲವು ತಿಂಗಳು ದೊಡ್ಡವನಾದವನು ಚಿಕ್ಕಂದಿನಲ್ಲಿ ಮೊದಲು ಆಯ್ಕೆಯಾಗುತ್ತಾನೆ. ಆಯ್ಕೆಯಾದುದರಿಂದ ಹೆಚ್ಚು ಆಡುತ್ತಾನೆ. ಹೆಚ್ಚು ಆಡಿದುದರಿಂದ ಇನ್ನೂ ಚೆನ್ನಾಗಿ ಆಡುತ್ತಾನೆ. ಕೊನೆಗೆ ಉಳಿದವನಿಗೆ ಇದೇ ಚಕ್ರ ಹಿಂದುಮುಂದಾಗಿ ತಿರುಗುತ್ತದೆ. ನಾವು ‘ಪ್ರತಿಭೆ’ ಎನ್ನುವುದರಲ್ಲಿ ಹುಟ್ಟಿದ ತಿಂಗಳ ಪಾಲೂ ಇದೆಯೆಂದಾಯಿತು.

ಎರಡನೆಯದು ಮನೆಯಿಂದ ಬಂದ ಭೇದ. ಓಣಿ, ಜಾತಿ, ಬಡತನ, ಮೈಬಣ್ಣ, ದಪ್ಪ ಮೈ, ತೊದಲು ಮಾತು, ಕುಂಟುವ ಕಾಲು ಇವೆಲ್ಲ ಮಕ್ಕಳ ಆಯ್ಕೆಯಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಯಾವ ಮಗು ಯಾರ ಕೈ ಹಿಡಿಯಲು ಹಿಂಜರಿಯುತ್ತದೆ ಎಂಬುದನ್ನು ಕಬಡ್ಡಿಯ ಸರಪಳಿಯಲ್ಲಿ ನೋಡಿದರೆ ಆ ಊರಿನ ಒಳಗುಟ್ಟು ಗೊತ್ತಾಗುತ್ತದೆ.

ಆಯ್ಕೆಯಲ್ಲಿ ಸದಾ ಮೊದಲಿಗನಾಗುವ ಮಗುವಿಗೂ ಇದು ಹಿತವಲ್ಲ. ತನ್ನ ಬೆಲೆ ತನ್ನ ಕಾಲಿನ ವೇಗದಲ್ಲಿದೆ ಎಂದು ಅದು ನಂಬುತ್ತದೆ. ಒಂದು ದಿನ ಮಂಡಿ ಉಳುಕಿದರೆ ಆ ನಂಬಿಕೆ ಕುಸಿಯುತ್ತದೆ.

ಒಂದೇ ಹಗ್ಗ, ಎರಡು ಪಾಠ

1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಮುಜಾಫರ್ ಶೆರೀಫ್ ಎಂಬ ವಿದ್ವಾಂಸರು ಸುಮಾರು 11 ವರ್ಷದ 22 ಹುಡುಗರ ಶಿಬಿರ ನಡೆಸಿದರು. ಹುಡುಗರನ್ನು ಎರಡು ಗುಂಪು ಮಾಡಿ ಹಗ್ಗಜಗ್ಗಾಟ, ಬೇಸ್‌ಬಾಲ್ ಮೊದಲಾದ ಪಂದ್ಯಗಳನ್ನು ಒಡ್ಡಿದರು. ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಕೋಣೆಗೆ ನುಗ್ಗುವುದು ಆರಂಭವಾಯಿತು. ಎರಡೂ ಗುಂಪುಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರೂ ಹಗೆ ಇಳಿಯಲಿಲ್ಲ. ಬಳಿಕ, ಎಲ್ಲರೂ ಸೇರದೆ ಬಗೆಹರಿಯದ ಕೆಲಸಗಳನ್ನು ಮುಂದಿಟ್ಟರು. ಶಿಬಿರದ ನೀರು ನಿಂತುಹೋಯಿತು. ಊಟ ತರಬೇಕಾದ ಲಾರಿ ಚಾಲೂ ಆಗಲಿಲ್ಲ. ಮೊದಲು ಒಬ್ಬರನ್ನೊಬ್ಬರು ಎಳೆದುಹಾಕಲು ಬಳಸಿದ್ದ ಹಗ್ಗವನ್ನೇ ಲಾರಿಗೆ ಕಟ್ಟಿ ಎರಡೂ ಗುಂಪಿನವರು ಎಳೆದರು. ಇಂತಹ ಕೆಲಸಗಳು ಹಲವು ನಡೆದ ಮೇಲೆಯೇ ಹಗೆ ತಗ್ಗಿತು. ಮಕ್ಕಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದ ಮಾತ್ರಕ್ಕೆ ಗೆಳೆತನ ಹುಟ್ಟುವುದಿಲ್ಲ. ಒಬ್ಬರಿಗೊಬ್ಬರು ಬೇಕಾಗುವ ಕೆಲಸವನ್ನು ಅವರ ಕೈಗೆ ಕೊಡಬೇಕು.

ನಮ್ಮ ಹಿರಿಯರ ಉಪಾಯ

ಹಳ್ಳಿಯ ಬಯಲಿನಲ್ಲಿ ಆಡಿ ಬೆಳೆದ ಓದುಗರಿಗೆ ಇನ್ನೊಂದು ಪದ್ಧತಿ ನೆನಪಿರಬಹುದು. ಸಮಬಲದ ಇಬ್ಬಿಬ್ಬರು ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಬ್ಬ ಸೂರ್ಯ ಇನ್ನೊಬ್ಬ ಚಂದ್ರ, ಇಲ್ಲವೆ ಒಬ್ಬಳು ಮಲ್ಲಿಗೆ ಇನ್ನೊಬ್ಬಳು ಸಂಪಿಗೆ ಎಂದು ಹೆಸರಿಟ್ಟುಕೊಂಡು ಬಂದು, ‘ಸೂರ್ಯ ಬೇಕೋ, ಚಂದ್ರ ಬೇಕೋ?’ ಎಂದು ನಾಯಕರನ್ನು ಕೇಳುತ್ತಿದ್ದರು. ನಾಯಕ ಆರಿಸುವುದು ಹೆಸರನ್ನು. ಹೆಸರಿನ ಹಿಂದೆ ಯಾರಿದ್ದಾರೆಂದು ಅವನಿಗೆ ಗೊತ್ತಿರುತ್ತಿರಲಿಲ್ಲ. ಜೋಡಿಗಳು ಸಮಬಲದವಾದ್ದರಿಂದ ತಂಡಗಳೂ ಸರಿಸಮವಾಗುತ್ತಿದ್ದವು. ಇದರಲ್ಲಿ ಕೊನೆಗೆ ಉಳಿಯುವವನೇ ಇಲ್ಲ. ಯಾವ ವಿಶ್ವವಿದ್ಯಾಲಯದ ನೆರವೂ ಇಲ್ಲದೆ ಮಕ್ಕಳೇ ಕಾಪಾಡಿಕೊಂಡು ಬಂದಿದ್ದ ಈ ನ್ಯಾಯದ ಉಪಾಯವನ್ನು ಶಾಲೆಗಳು ಮರಳಿ ತರಬಹುದು.

ಶಿಕ್ಷಕರಿಗೆ ಕೆಲವು ಕ್ರಮಗಳು

1. ತಂಡಗಳನ್ನು ಬಯಲಿಗೆ ಬರುವ ಮೊದಲೇ ಸಿದ್ಧಪಡಿಸಿರಿ. ಬಲ, ವೇಗ, ಸ್ವಭಾವಗಳನ್ನು ನೋಡಿ ಸಮವಾಗಿ ಹಂಚಿರಿ. ಪಟ್ಟಿಯನ್ನು ಅಕಾರಾದಿಯಾಗಿ ಓದಿದರೆ ಮೊದಲು–ಕೊನೆ ಎಂಬ ಮಾತೇ ಏಳುವುದಿಲ್ಲ.

2. ಒಂದೇ ತಂಡವನ್ನು ಹಲವು ವಾರ ಮುಂದುವರಿಸಿರಿ. ಡ್ಯಾರಿಲ್ ಸೀಡೆನ್‌ಟಾಪ್ ಎಂಬ ಅಮೆರಿಕದ ಶಿಕ್ಷಣತಜ್ಞರು ರೂಪಿಸಿದ ಕ್ರೀಡಾ ಶಿಕ್ಷಣ ಪದ್ಧತಿಯಲ್ಲಿ ತಂಡಗಳು ಇಡೀ ಋತುವಿಗೆ ಸ್ಥಿರವಾಗಿರುತ್ತವೆ. ಪ್ರತಿಯೊಂದು ಮಗುವೂ ಆಡುವುದರ ಜೊತೆಗೆ ತರಬೇತುದಾರ, ತೀರ್ಪುಗಾರ, ಅಂಕ ಬರೆಯುವವ ಮುಂತಾದ ಹೊಣೆಗಳನ್ನು ಸರದಿಯಂತೆ ಹೊರುತ್ತದೆ. ಕಾಲ ಕಳೆದಂತೆ ದುರ್ಬಲನನ್ನು ಹಳಿಯುವುದಕ್ಕಿಂತ ಅವನಿಗೆ ಕಲಿಸುವುದೇ ತಂಡಕ್ಕೆ ಲಾಭವೆಂದು ಮಕ್ಕಳು ಕಂಡುಕೊಳ್ಳುತ್ತಾರೆ.

3. ಎಲ್ಲರನ್ನೂ ಬೇಡುವ ಆಟಗಳಿಗೆ ಹೆಚ್ಚು ಸಮಯ ಕೊಡಿರಿ. ಖೋ ಖೋ ಆಟದಲ್ಲಿ ಎಂಟು ಜನ ಒಬ್ಬರ ಬೆನ್ನಿಗೊಬ್ಬರು ಮುಖಮಾಡದಂತೆ ಸಾಲಿನಲ್ಲಿ ಆಚೆಈಚೆ ತಿರುಗಿ ಕುಳಿತಿರುತ್ತಾರೆ, ಒಂಬತ್ತನೆಯವನು ಓಡುತ್ತಾನೆ. ಓಡುವವನು ಎಷ್ಟೇ ಚುರುಕಾಗಿದ್ದರೂ ಹಿಂದಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಕುಳಿತವನಿಗೆ ‘ಖೋ’ ಕೊಡದೆ ಆಟ ಸಾಗುವುದೇ ಇಲ್ಲ. ಕಬಡ್ಡಿಯಲ್ಲಿ ಎದುರಾಳಿಯೊಬ್ಬನು ಔಟಾದರೆ ಹೊರಗೆ ಕುಳಿತ ನಮ್ಮವನೊಬ್ಬನಿಗೆ ಜೀವ ಬರುತ್ತದೆ. ಅದೂ ಔಟಾದ ಸರದಿಯಂತೆಯೇ. ಒಳಗೆ ಬರಬೇಕಾದವನು ಗಟ್ಟಿಗನೋ ಮೆತ್ತಗಿನವನೋ ಎಂದು ಆರಿಸುವ ಅಧಿಕಾರ ಯಾರಿಗೂ ಇಲ್ಲ. ಈ ನಿಯಮಗಳ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಿರಿ.

4. ಔಟಾದವನು ಅವಧಿಯುದ್ದಕ್ಕೂ ಕುಳಿತಿರಬೇಕಾದ ಆಟಗಳನ್ನು ಕಡಿಮೆ ಮಾಡಿರಿ. ವ್ಯಾಯಾಮ ಹೆಚ್ಚು ಬೇಕಾದ ಮಗುವೇ ಅಲ್ಲಿ ಮೊದಲು ಔಟಾಗಿ ಹೆಚ್ಚು ಹೊತ್ತು ಕುಳಿತಿರುತ್ತದೆ.

5. ಅಡ್ಡಹೆಸರುಗಳನ್ನು ಮೊದಲ ದಿನವೇ ನಿಲ್ಲಿಸಿರಿ. ಶಿಕ್ಷಕರು ನಕ್ಕರೆ ಅಡ್ಡಹೆಸರಿಗೆ ಒಪ್ಪಿಗೆಯ ಮುದ್ರೆ ಬಿದ್ದಂತೆ.

6. ಅಂಗವೈಕಲ್ಯವುಳ್ಳ ಮಗುವನ್ನು ಬಟ್ಟೆ ಕಾಯಲು ಕೂರಿಸಬೇಡಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನು ಉಳಿದ ಮಕ್ಕಳಿಗೆ ಸಮನಾಗಿ ಒದಗಿಸಬೇಕೆಂದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಆಟದ ಸಾಮಗ್ರಿಯೂ ಸೇರಿವೆ. ಆಟವು ಮಗುವಿನ ಹಕ್ಕು. ಚೆನ್ನಾಗಿ ಆಡುವವರಿಗೆ ಕೊಡುವ ಬಹುಮಾನವಲ್ಲ.

ತಂದೆತಾಯಿಗಳಿಗೆ

ಮಗು ಶಾಲೆಯಿಂದ ಬಂದೊಡನೆ ‘ಎಷ್ಟು ಅಂಕ ಬಂತು?’ ಎಂದು ಕೇಳುವ ನಾವು, ‘ಇಂದು ಯಾರ ಜೊತೆ ಆಡಿದೆ?’ ಎಂದು ಕೇಳುವುದು ಅಪರೂಪ. ಈ ಪ್ರಶ್ನೆಗೆ ಮಗು ದಿನವೂ ಮೌನವಾಗಿದ್ದರೆ ಅದನ್ನು ಗಮನಿಸಬೇಕು. ಆಟದ ದಿನವೇ ತಲೆನೋವು, ಹೊಟ್ಟೆನೋವು ಬರುವುದು, ಆಟದ ಬಟ್ಟೆ ಪದೇ ಪದೇ ಕಳೆದುಹೋಗುವುದು, ಗೆಳೆಯರ ಹೆಸರನ್ನೇ ಎತ್ತದಿರುವುದು ಇವೆಲ್ಲ ಸೂಚನೆಗಳು. ಇಂತಹ ಸಮಯದಲ್ಲಿ ಮಗುವಿನ ಮಾತನ್ನು ಪೂರ್ತಿ ಕೇಳಿದ ಮೇಲೆ ಶಿಕ್ಷಕರನ್ನು ಏಕಾಂತದಲ್ಲಿ ಕಾಣುವುದು ಒಳಿತು. ಮಕ್ಕಳೆದುರು ಜಗಳ ತೆಗೆದರೆ ಮಗು ಇನ್ನಷ್ಟು ಒಂಟಿಯಾಗುತ್ತದೆ.

ಉಬ್ಬಸವಿರುವ ಮಗುವನ್ನು ಆಟದಿಂದ ಪೂರ್ತಿ ಬಿಡಿಸುವ ರೂಢಿ ನಮ್ಮಲ್ಲಿದೆ. ರೋಗ ಹತೋಟಿಯಲ್ಲಿದ್ದರೆ, ವೈದ್ಯರು ಹೇಳಿದಂತೆ ಇನ್‌ಹೇಲರ್ ಬಳಸಿ, ನಿಧಾನವಾಗಿ ಮೈ ಬಿಸಿಮಾಡಿಕೊಂಡು ಬಹುತೇಕ ಮಕ್ಕಳು ಆಡಬಲ್ಲರು. ಮುಟ್ಟಿನ ದಿನಗಳಲ್ಲಿಯೂ ಮೈಗೆ ಒಗ್ಗಿದರೆ ಹುಡುಗಿಯರು ಆಡಬಹುದು. ಒಗ್ಗದಿದ್ದರೆ ಎಲ್ಲರೆದುರು ಕಾರಣ ಹೇಳುವ ಪ್ರಸಂಗ ಬಾರದಂತೆ ಶಾಲೆಯು ನೋಡಿಕೊಳ್ಳಬೇಕು. ಆಟ ಹಿಂದುಳಿದ ಮಗುವಿನೊಂದಿಗೆ ಮನೆಯಂಗಳದಲ್ಲಿ ದಿನಕ್ಕೆ ಹದಿನೈದು ನಿಮಿಷ ಚೆಂಡು ಎಸೆದು ಹಿಡಿಯಿರಿ. ಕೈಗೆ ಚೆಂಡು ಒಗ್ಗಿದರೆ ಮನಸ್ಸಿಗೆ ಧೈರ್ಯ ಬರುತ್ತದೆ. ನಿಮ್ಮ ಮಗುವೇ ನಾಯಕನಾಗಿದ್ದರೆ, ಅವನು ಯಾರನ್ನು ಕೊನೆಗೆ ಉಳಿಸಿದನೆಂಬುದನ್ನೂ ಒಮ್ಮೆ ಮೆಲ್ಲಗೆ ಕೇಳಿರಿ.

ಶರಣರ ಸಾಲು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದೊಳಗೆ ಬಟ್ಟೆ ಒಗೆಯುವ ಮಾಚಿದೇವರು, ದೋಣಿ ನಡೆಸುವ ಚೌಡಯ್ಯನವರು, ಹಗ್ಗ ಹೊಸೆಯುವ ಚಂದಯ್ಯನವರು, ಬುಟ್ಟಿ ಹೆಣೆಯುವ ಕೇತಯ್ಯನವರು, ಅಕ್ಕಿ ಆಯುವ ಲಕ್ಕಮ್ಮನವರು ಸರಿಸಮಾನರಾಗಿ ಕುಳಿತರು. ಬಲಿಷ್ಠರನ್ನು ಮೊದಲು ಆರಿಸಿ ಉಳಿದವರನ್ನು ಹೊರಗೆ ನಿಲ್ಲಿಸುವ ಸಭೆ ಅದಾಗಿರಲಿಲ್ಲ. ಬಂದವರನ್ನು ಕುಲ ಕೇಳದೆ ತಮ್ಮವರೆಂದು ಒಪ್ಪಿಕೊಳ್ಳುವುದನ್ನು ಬಸವಣ್ಣನವರು ಸಾಧನೆಯೆಂದೇ ಬಗೆದರು. ಇಂದಿಗೂ ಮಠದ ದಾಸೋಹದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತ ಪ್ರತಿಯೊಬ್ಬರಿಗೂ ಪ್ರಸಾದ ಬೀಳುತ್ತದೆ. ಮೊದಲು ಕುಳಿತವನಿಗೂ ಕೊನೆಗೆ ಕುಳಿತವನಿಗೂ ಒಂದೇ ಅನ್ನ, ಒಂದೇ ಸಾರು. ಪ್ರಸಾದ ನಿಲಯದಲ್ಲಿ ಈ ಪಂಕ್ತಿಯಲ್ಲಿ ಉಂಡ ಮಗು ಸಂಜೆ ಬಯಲಿಗೆ ಹೋದಾಗ ಅಲ್ಲಿಯ ಸಾಲು ಬೇರೆಯಾಗಿರಬಾರದು.

ಮನೆಯಲ್ಲಿ ಚಿಂತನೆಗೆ

ಈ ಲೇಖನವನ್ನು ಓದಿದ ಮೇಲೆ ಮನೆಯವರೆಲ್ಲ ಕೂಡಿ ಈ ಪ್ರಶ್ನೆಗಳನ್ನು ವಿಚಾರಿಸಬೇಕೆಂದು ಕೋರುತ್ತೇವೆ.

1. ನಮ್ಮ ಮಗುವಿನ ತರಗತಿಯಲ್ಲಿ ಆಟಕ್ಕೆ ತಂಡ ಮಾಡುವವರು ಯಾರು? ಹೇಗೆ ಮಾಡುತ್ತಾರೆ?

2. ಕಳೆದ ವಾರ ಕೊನೆಗೆ ಉಳಿದವರು ಯಾರೆಂದು ಮಗುವಿಗೆ ಗೊತ್ತಿದೆಯೇ? ಅವರೊಂದಿಗೆ ಅದು ಮಾತನಾಡಿತೇ?

3. ಚಿಕ್ಕಂದಿನಲ್ಲಿ ನಮ್ಮನ್ನು ಯಾರಾದರೂ ಆಟದಿಂದ ಹೊರಗಿಟ್ಟ ನೆನಪಿದೆಯೇ? ನಾವು ಯಾರನ್ನಾದರೂ ಹೊರಗಿಟ್ಟಿದ್ದೆವೇ?

4. ಈ ವಾರ ನಮ್ಮ ಓಣಿಯಲ್ಲಿ ಆಟಕ್ಕೆ ಕರೆಯದೆ ಉಳಿದಿರುವ ಒಂದು ಮಗುವನ್ನು ಕರೆಯಲು ಸಾಧ್ಯವೇ?

ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನು ಬಾಯಿಂದ ಹೇಳಬೇಕಾಗಿಲ್ಲ. ಸಂಜೆ ಬಾಗಿಲು ತೆರೆದು ಆ ಮಗುವಿನ ಹೆಸರು ಹಿಡಿದು ಕರೆದರೆ ಸಾಕು.